ಅರಿವಿಲ್ಲದೆ ಇಳಿಯುವ ದ್ರವ

ಈ ಮುದುಕ ಮೊದಲ ಹೊಡೆತಕ್ಕೇ ಹೋಗಿಬಿಟ್ಟಿದ್ದರೆ ಇವತ್ತು ತನಗೆ ಈ ಮೂರು ಮಹಡಿ ಹತ್ತುವ ಕರ್ಮ ಇರುತ್ತಿರಲಿಲ್ಲ ಎಂದು ಎರಡನೆಯ ಮಹಡಿಯ ತಿರುವಿನಲ್ಲಿ ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಕಂಕುಳಲ್ಲಿ ಕಾರ್ಡುಗಳ ಉದ್ದನೆಯ ರಟ್ಟಿನ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಚೀಲ. ಲಿಫ್ಟಿನ ಬಾಗಿಲಿಗೆ ಅಂಟಿಸಿದ ‘ಕೆಟ್ಟಿದೆ’ ಎಂಬ ಚೀಟಿಯ ಅಕ್ಷರಗಳೂ ಮಾಸಿಹೋಗಿದ್ದವು. ನಿಘಂಟು ಕಚೇರಿಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಉಪಸಂಪಾದಕ. ಮೇಲೆ ತಮ್ಮ ಮನೆಯ ಕುರ್ಚಿಯಲ್ಲಿ ಕೂತು ಕಾಯುತ್ತಿರುವವರು ಪ್ರಧಾನ ಸಂಪಾದಕರು, ಕಚೇರಿಯವರೆಲ್ಲ ಬೆನ್ನ ಹಿಂದೆ ‘ಕೆಂಪು ಪೆನ್ನು’ ಎಂದು ಕರೆಯುವವರು. ನಾಲ್ಕು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಪೆನ್ನು ಹಿಡಿಯುವ ಬಲಗೈ ಮಾತ್ರ ಉಳಿಯಿತು. ದೇವರಿಗೂ ಆ ಕೈ ಕಂಡರೆ ಹೆದರಿಕೆ ಇದ್ದೀತು ಎಂದು ಗುಮಾಸ್ತ ನಕ್ಕಿದ್ದ. ಆಡಳಿತ ಮಂಡಳಿಯವರು ನೋಡಲು ಬಂದರು, ಹಣ್ಣು ಕೊಟ್ಟರು, ‘ನೀವಿರೋವರೆಗೂ ಪ್ರತಿ ಪದಕ್ಕೂ ನಿಮ್ಮ ಸಹಿ ಬೇಕೇ ಬೇಕು’ ಎಂದು ದೊಡ್ಡ ಮಾತಾಡಿ ಹೋದರು. ಅಂದಿನಿಂದ ಪದಗಳು ಮೂರು ಮಹಡಿ ಹತ್ತಿ ಇಳಿಯುತ್ತಿವೆ, ಅವನ ಮಂಡಿಯ ಮೇಲೆ. ಮುದುಕರ ಕಣ್ಣು ಬೇಗ ದಣಿಯುತ್ತದೆ, ಆದ್ದರಿಂದ ಪದ ಬಳಸಿದ ವಾಕ್ಯವನ್ನು ಬರೆದಿಟ್ಟ ಪ್ರತಿ ಕಾರ್ಡನ್ನೂ ಅವನೇ ಗಟ್ಟಿಯಾಗಿ ಓದಿ ಹೇಳಬೇಕು. ಇವತ್ತಿನ ಪದ ಜೊಲ್ಲು.

ಆ ಪದದ ಅರ್ಥವನ್ನು ಅವನು ಒಂದು ವಾರ ಕೂತು ಬರೆದಿದ್ದ. ‘ಬಾಯಿಯಿಂದ ಅರಿವಿಲ್ಲದೆ ಇಳಿಯುವ ದ್ರವ.’ ನಾಲ್ಕೇ ಪದ. ಅದರಲ್ಲಿ ಮೂರನ್ನು ಯಾರು ಬೇಕಾದರೂ ಬರೆಯಬಹುದಿತ್ತು, ‘ಅರಿವಿಲ್ಲದೆ’ ಎಂಬುದು ಮಾತ್ರ ಅವನದು. ಉಗುಳಿಗೂ ಜೊಲ್ಲಿಗೂ ಇರುವ ವ್ಯತ್ಯಾಸವೇ ಅದು ಎಂದು ಅವನು ಹೆಂಡತಿಗೆ ರಾತ್ರಿ ಊಟದ ಹೊತ್ತಿನಲ್ಲಿ ವಿವರಿಸಿದ್ದ: ಉಗುಳುವವನಿಗೆ ತಾನು ಉಗುಳುತ್ತಿದ್ದೇನೆಂದು ಗೊತ್ತು, ಅವನು ಕೋಪಕ್ಕೋ ಅಸಹ್ಯಕ್ಕೋ ಉಗುಳುತ್ತಾನೆ, ಅದಕ್ಕೆ ಅವನೇ ಹೊಣೆ. ಜೊಲ್ಲು ಹಾಗಲ್ಲ. ಅದು ತಾನಾಗಿ ಇಳಿಯುತ್ತದೆ. ಮಗುವಿನ ಬಾಯಿಂದ, ನಿದ್ದೆಯವನ ಬಾಯಿಂದ. ಗೊತ್ತೇ ಇಲ್ಲದವರಿಗೆ ನಾಚಿಕೆ ಎಲ್ಲಿಂದ ಬರಬೇಕು? ಹೆಂಡತಿ ತಟ್ಟೆ ಸರಿಸಿ, ‘ಊಟದ ಹೊತ್ತಿಗೆ ಇದೇ ಸಿಕ್ಕಿತಾ ನಿಮಗೆ’ ಎಂದಳು. ಆಮೇಲೆ ಒಂದು ಕ್ಷಣ ಅವನ ಮುಖ ನೋಡಿ, ‘ಒಂದು ಪದಕ್ಕೆ ಇಷ್ಟೊಂದು ಯಾಕೆ ಹಟ? ಕೆಂಪು ಪೆನ್ನು ಹೊಡೆದುಹಾಕಿದ್ರೆ ಹಾಕ್ಲಿ ಬಿಡಿ’ ಎಂದಳು. ಹಾಗೆ ಬಿಡುವುದಕ್ಕಾಗುವುದಿಲ್ಲ. ಬೇರೆ ಯಾವ ಪದ ಹೋದರೂ ಹೋಗಲಿ, ಅದೊಂದು ಅಚ್ಚಾಗಬೇಕು. ದಪ್ಪ ರಟ್ಟಿನ ಪುಸ್ತಕದಲ್ಲಿ, ಯಾರೂ ಮತ್ತೆ ತಿದ್ದಲಾಗದ ಹಾಗೆ. ಯಾಕೆಂದು ಅವನು ಹೆಂಡತಿಗೆ ಹೇಳಲಿಲ್ಲ. ತನಗೊಬ್ಬಳು ಅಕ್ಕ ಇದ್ದಳು ಎಂಬುದನ್ನೇ ಅವನು ಅವಳಿಗೆ ಮದುವೆಯಾಗಿ ಆರು ವರ್ಷದ ಮೇಲೆ ಹೇಳಿದ್ದು, ಅದೂ ಹಳೆಯ ಫೋಟೋ ಒಂದು ಕೈಗೆ ಸಿಕ್ಕಿದ್ದರಿಂದ.

ಮಹಡಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡ. ಪೆಟ್ಟಿಗೆಯಲ್ಲಿ ನಲವತ್ಮೂರು ಕಾರ್ಡುಗಳಿದ್ದವು. ಬಸ್ಸಿನಲ್ಲಿ ಸುಮ್ಮನೆ ಬೆರಳಾಡಿಸುತ್ತಿದ್ದಾಗ ನಲವತ್ತೊಂದನೆಯದು ಕಣ್ಣಿಗೆ ಬಿದ್ದಿತ್ತು. ಅದು ಅವನದೇ ಅಕ್ಷರ. ಎರಡು ತಿಂಗಳ ಹಿಂದೆ ಕೋಪದಲ್ಲಿ ಬರೆದು, ಮೇಜಿನ ಮೂಲೆಗೆ ಎಸೆದು, ಮರೆತುಬಿಟ್ಟದ್ದು. ಕಾರ್ಡಿನ ಮೇಡಂ, ಕಾರ್ಡುಗಳಿಗೆ ನಂಬರು ಹಾಕಿ ಪೆಟ್ಟಿಗೆ ತುಂಬುವವರು, ಮೇಜಿನ ಮೇಲೆ ಸಿಕ್ಕಿದ್ದನ್ನೆಲ್ಲ ನಿಯತ್ತಾಗಿ ಸೇರಿಸಿಬಿಟ್ಟಿದ್ದರು. ನಂಬರು ಬಿದ್ದ ಕಾರ್ಡನ್ನು ಹರಿಯುವಂತಿಲ್ಲ, ತೆಗೆಯುವಂತಿಲ್ಲ. ಕೆಂಪು ಪೆನ್ನಿನ ನಿಯಮಗಳಲ್ಲಿ ಅದು ಮೊದಲನೆಯದು. ಎರಡನೆಯದು, ಆಡುಮಾತಿನ ವಾಕ್ಯ ಬರೆದರೆ ಅದರ ಕೆಳಗಿನ ಸಾಲುಗಳನ್ನೂ ತುಂಬಬೇಕು: ಅಂದವರು ಯಾರು, ಎಲ್ಲಿ, ಯಾವಾಗ, ಆಗ ಏನು ನಡೆಯುತ್ತಿತ್ತು, ಸುತ್ತ ಯಾರಿದ್ದರು, ಕೇಳಿದವರು ಯಾರು. ಮೂರನೆಯದು, ಅರ್ಥದಲ್ಲಿ ಒಂದು ಮಾತು ಸೇರಿಸಬೇಕಾದರೂ ತೆಗೆಯಬೇಕಾದರೂ ಇಬ್ಬರು ಬೇರೆಬೇರೆ ಮನುಷ್ಯರ ಆಧಾರ ಬೇಕು. ಮದುವೆಗೆ ಬೇಕಾದದ್ದಕ್ಕಿಂತ ಹೆಚ್ಚು ಸಾಕ್ಷಿ ನಮ್ಮಲ್ಲಿ ಒಂದು ಕೆಮ್ಮಿಗೆ ಬೇಕು ಎಂದು ಗುಮಾಸ್ತ ಹೇಳುತ್ತಿದ್ದ.

ಎರಡು ತಿಂಗಳ ಹಿಂದೆ, ಲಕ್ವ ಹೊಡೆದ ಮೇಲೆ ಮೊದಲ ಸಲ, ಕೆಂಪು ಪೆನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಕಚೇರಿಗೆ ತಂದಿದ್ದರು. ಉದ್ದ ಮೇಜು, ಹನ್ನೆರಡು ಜನ. ಮುದುಕರಿಗೆ ಮಾತು ತೊದಲುತ್ತಿತ್ತು, ಬೈಗುಳಕ್ಕೆ ಮಾತ್ರ ತೊದಲು ಬಂದಿರಲಿಲ್ಲ. ಅವನ ಹಾಳೆಗಳನ್ನೇ ಹಿಡಿದುಕೊಂಡರು. ‘ಇವರ ಹಾಳೆ ನೋಡ್ರಪ್ಪಾ, ಯಾವ ಪದ ಕೊಟ್ರೂ ಮೂಲ ಅನಿಶ್ಚಿತ. ಇವರನ್ನ ಕೇಳಿದ್ರೆ ಇವರಪ್ಪನೂ ಅನಿಶ್ಚಿತ ಅಂತಾರೆ.’ ಹನ್ನೊಂದು ಜನ ನಕ್ಕರು. ಅವನು ತಲೆ ತಗ್ಗಿಸಿ ಮೇಜಿನ ಗೀರು ನೋಡುತ್ತ ಕೂತ. ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಕಣ್ಣೆತ್ತಿದಾಗ ಮುದುಕರ ತುಟಿಯ ಎಡ ಮೂಲೆಯಿಂದ ಸಣ್ಣ ಎಳೆಯೊಂದು ಇಳಿಯುತ್ತಿರುವುದು ಕಾಣಿಸಿತು; ಗದ್ದದ ತುದಿಯಲ್ಲಿ ಕ್ಷಣ ನಿಂತು, ಕಾಲರಿಗೆ ಸೇರಿ, ಕಾಲರು ಒದ್ದೆಯಾಗಿ ಬಣ್ಣ ಬದಲಾಗುತ್ತಿತ್ತು. ಮುದುಕರು ಬೈಯುತ್ತಲೇ ಇದ್ದರು. ಅವನ ಎದೆಯಲ್ಲಿ ಒಂದು ಖುಷಿ ಎದ್ದಿತು, ಚಿಕ್ಕ ಹುಡುಗರಿಗೆ ಆಗುವಂಥ ಕೊಳಕು ಖುಷಿ. ಅವನ ಜೇಬಿನಲ್ಲಿ ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿದ ಕರವಸ್ತ್ರ ಇತ್ತು. ತೆಗೆಯಲಿಲ್ಲ. ಸಭೆ ಮುಗಿದ ಮೇಲೆ ಕೈ ತೊಳೆಯುವ ಜಾಗದಲ್ಲಿ ಕಾರ್ಡಿನ ಮೇಡಂಗೆ ಅದನ್ನು ನಗುತ್ತಾ ಹೇಳಿದ. ಅವರು ನಗಲಿಲ್ಲ, ನಲ್ಲಿ ನಿಲ್ಲಿಸಿ ಹೊರಟುಹೋದರು. ಅವಮಾನದ ಮೇಲೆ ಇನ್ನೊಂದು ಅವಮಾನ. ಅದೇ ಬಿಸಿಯಲ್ಲಿ ಬಂದು ಕಾರ್ಡು ಎಳೆದುಕೊಂಡು ಬರೆದಿದ್ದ.

ಬಾಗಿಲು ತೆಗೆದದ್ದು ಮುದುಕರ ಮಗಳು. ಬ್ಯಾಂಕಿನ ಕೆಲಸಕ್ಕೆ ದೀರ್ಘ ರಜೆ ಹಾಕಿ ಬಂದಿದ್ದಳು. ಕಣ್ಣ ಕೆಳಗೆ ಕಪ್ಪು, ಹೆಗಲ ಮೇಲೆ ಒಂದು ಟವೆಲ್. ‘ಬನ್ನಿ ಸರ್. ಅಪ್ಪ ಎಂಟು ಗಂಟೆಯಿಂದ ನಿಮ್ಮನ್ನೇ ಕಾಯ್ತಿದಾರೆ. ಬೈಯೋದಕ್ಕೆ ಯಾರೂ ಇಲ್ಲ ಅಂತ ನನ್ನನ್ನೇ ಬೈದ್ರು.’ ಕೋಣೆಯಲ್ಲಿ ಔಷಧದ, ಹಳೆಯ ಕಾಗದದ, ಒಣಗದ ಬಟ್ಟೆಯ ವಾಸನೆ ಒಟ್ಟಿಗೆ ಇತ್ತು. ಗೋಡೆಯ ಉದ್ದಕ್ಕೂ ನಿಘಂಟಿನ ಸಂಪುಟಗಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮುದುಕರು ಎಡಕ್ಕೆ ವಾಲಿಕೊಂಡು ಕೂತಿದ್ದರು, ಎಡಗಡೆ ಎರಡು ದಿಂಬು ಒತ್ತಿ, ಎಡ ಹೆಗಲಿಗೊಂದು ಟವೆಲು ಹೊದಿಸಿದ್ದರು. ಮುಖದ ಒಂದು ಅರ್ಧ ಸತ್ತಂತಿತ್ತು, ಇನ್ನೊಂದು ಅರ್ಧ ಎಂದಿನಂತೆ ಅವನನ್ನು ಕಂಡು ಮುಖ ಸಿಂಡರಿಸಿತು. ಅವನು ಮೊಟ್ಟಮೊದಲು ನೋಡಿದ್ದು ತುಟಿಯ ಮೂಲೆಯನ್ನು. ಒಣಗಿತ್ತು. ನಿರಾಸೆಯಾಯಿತು, ಮತ್ತು ಆ ನಿರಾಸೆಯನ್ನು ಮುದುಕರು ಕಂಡುಹಿಡಿದರೇನೋ ಎಂಬ ಭಯವೂ ಆಯಿತು.

‘ಮೂಲ?’ ಎಂದರು ಮುದುಕರು. ನಮಸ್ಕಾರವಿಲ್ಲ, ಕೂತುಕೊಳ್ಳಿ ಎಂಬ ಮಾತಿಲ್ಲ.

‘ಅನಿಶ್ಚಿತ ಅಂತ ಹಾಕಿದೀನಿ ಸರ್.’

‘ಜೋಲು. ಜೋತು ಬೀಳೋದು. ಜೋಲ್ತಾ ಇಳಿಯತ್ತೆ, ಅದಕ್ಕೇ ಜೊಲ್ಲು. ಮೂವತ್ತು ವರ್ಷದ ಹಿಂದೆ ಬರೆದಿದೀನಿ. ಓದಿಲ್ವಾ?’

‘ಓದಿದೀನಿ ಸರ್. ನೆರೆಭಾಷೆಗಳಲ್ಲೂ ಇದೇ ಪದ ಇದೆ, ಮೊದಲ ಅಕ್ಷರ ಬೇರೆ ಥರ ಕೇಳತ್ತೆ. ಅಲ್ಲಿ ನಿಮ್ಮ ಜೋಲು ಹೊಂದಲ್ಲ. ನೇತಾಡೋದನ್ನೆಲ್ಲ ಜೊಲ್ಲು ಅನ್ನೋ ಹಾಗಿದ್ರೆ ಒಣಗಿಹಾಕಿದ ಅಂಗೀನೂ ಜೊಲ್ಲೇ.’

ಹೇಳಿ ನಾಲಿಗೆ ಕಚ್ಚಿಕೊಂಡ. ಮಗಳು ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು. ಮುದುಕರು ‘ನನ್ನದನ್ನ ಹಾಕಿ. ಪ್ರಶ್ನೆ ಗುರುತು ಹಾಕಿ ಮುಂದೆ. ಕಾರ್ಡು ಓದ್ರೀ’ ಎಂದರು. ಒಂದು ಪ್ರಶ್ನೆ ಗುರುತು. ಇಪ್ಪತ್ತೆರಡು ವರ್ಷದಲ್ಲಿ ಅವನು ಈ ಮನುಷ್ಯನಿಂದ ಗಿಟ್ಟಿಸಿದ ಅತಿ ದೊಡ್ಡ ಮರ್ಯಾದೆ ಅದು. ಅದಕ್ಕೆ ಸಂತೋಷಪಡುತ್ತಿರುವ ತನ್ನ ಬಗ್ಗೆಯೇ ಅವನಿಗೆ ರೇಗಿಹೋಯಿತು.

ಓದತೊಡಗಿದ. ‘ಮಗೂಗೆ ಹಲ್ಲು ಬರ್ತಿದೆ, ಜೊಲ್ಲು ನಿಲ್ತಾನೇ ಇಲ್ಲ.’ ಅಂದವರು, ಒಬ್ಬ ನರ್ಸು. ‘ಈ ದಿಂಬಿನ ಕವರು ಎಷ್ಟು ಒಗೆದ್ರೂ ಜೊಲ್ಲಿನ ಕಲೆ ಹೋಗಲ್ಲ.’ ಅಂದವರು, ಬಟ್ಟೆ ಒಗೆಯುವ ಅಂಗಡಿಯಾಕೆ. ‘ಪಕ್ಕದ ಮನೆಯವರ ಕಾರು ನೋಡಿ ಎಷ್ಟು ದಿನ ಅಂತ ಜೊಲ್ಲು ಸುರಿಸ್ತೀರಿ.’ ಅಂದವರು, ಒಬ್ಬ ಗೃಹಿಣಿ. ಕೇಳಿದವರು, ಆಕೆಯ ಗಂಡ, ನಮ್ಮ ಗುಮಾಸ್ತ. ಮಗಳು ಈ ಸಲ ನಕ್ಕೇಬಿಟ್ಟಳು. ಅವನು ಓದುತ್ತಲೇ ಹೋದ, ದನಿ ತಾನಾಗಿ ಸಾಗುತ್ತಿತ್ತು, ಅವನು ಮಾತ್ರ ಅಲ್ಲಿರಲಿಲ್ಲ. ಅವನು ತಗಡಿನ ಚಾವಣಿಯ ಒಂದು ಮನೆಯ ಜಗಲಿಯಲ್ಲಿದ್ದ, ಅಕ್ಕನ ಕುತ್ತಿಗೆಗೆ ಅಮ್ಮ ಟವೆಲಿನ ತುಂಡನ್ನು ಪಿನ್ನು ಹಾಕಿ ಸಿಕ್ಕಿಸುತ್ತಿದ್ದಳು, ‘ಅಕ್ಕನ ಕೈ ಬಿಡಬೇಡ ಕಣೋ, ಬಾಯಿ ಒರೆಸ್ತಾ ಇರು’ ಎನ್ನುತ್ತಿದ್ದಳು. ಅಕ್ಕ ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಮಾತು ಸರಿಯಾಗಿ ಬರುತ್ತಿರಲಿಲ್ಲ, ಕತ್ತು ಒಂದು ಕಡೆಗೆ ವಾಲುತ್ತಿತ್ತು, ನಗು ಮಾತ್ರ ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ನಕ್ಕಾಗಲೇ ಹೆಚ್ಚು ಸುರಿಯುತ್ತಿತ್ತು. ಬೀದಿಯಲ್ಲಿ ಅವಳ ಬಾಯಿ ಒರೆಸುವುದೆಂದರೆ ಅವನಿಗೆ ಜೀವ ಹೋದಂತಾಗುತ್ತಿತ್ತು. ಬೀದಿಯ ಹುಡುಗರು ಅವಳನ್ನು ಜೊಲ್ಲಕ್ಕ ಎನ್ನುತ್ತಿದ್ದರು. ಒಂದು ದಿನ ಅವನು ಮನೆಯಲ್ಲಿ ಮರೆತು ಬಂದ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಹಿಡಿದುಕೊಂಡು ಅವಳೊಬ್ಬಳೇ ಶಾಲೆಯ ಗೇಟಿನವರೆಗೂ ಬಂದುಬಿಟ್ಟಿದ್ದಳು. ಮೂರು ರಸ್ತೆ ದಾಟಿ ಬಂದಿದ್ದಳು, ಖುಷಿಯಲ್ಲಿ ಎದೆಯ ತನಕ ಒದ್ದೆಯಾಗಿತ್ತು. ಗೇಟಿನಲ್ಲಿ ನಿಂತ ಹುಡುಗರು ನಕ್ಕರು. ಅವನೂ ನಕ್ಕ. ಅಕ್ಕನಿಗೆ ಹತ್ತೊಂಬತ್ತು ತುಂಬಿದ ವರ್ಷ ಜ್ವರ ಬಂದು ಹೋದಳು. ಆ ದಿನ ಅಮ್ಮ ಯಾರೊಂದಿಗೋ, ‘ಅವಳಿಗೇನೂ ತಿಳೀತಿರಲಿಲ್ಲ, ಅದೊಂದು ಪುಣ್ಯ’ ಎಂದಳು. ಆ ಮಾತನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಈಗ ಅವನಿಗೆ ಐವತ್ತು. ಇಷ್ಟು ವರ್ಷ ಅವನು ನಿದ್ದೆ ಮಾಡಿದ್ದೆಲ್ಲ ಆ ಒಂದು ಮಾತಿನ ಮೇಲೆ.

ನಲವತ್ತನೆಯ ಕಾರ್ಡು ಮುಗಿಯಿತು. ನಲವತ್ತೊಂದನ್ನು ಕೈಗೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ಕಾರ್ಡನ್ನೇ ದಿಟ್ಟಿಸುತ್ತ, ಅದರಲ್ಲಿ ಇಲ್ಲದ್ದನ್ನು ಓದಿದ. ‘ಹಲ್ಲು ಕೀಳಿಸಿಕೊಂಡ ಮೇಲೆ ತುಟಿಗೆ ಜೋಮು ಹಿಡಿದಿತ್ತು, ಜೊಲ್ಲು ಇಳಿದದ್ದೇ ಗೊತ್ತಾಗಲಿಲ್ಲ. ಅಂದವರು, ಚಪ್ಪಲಿ ಅಂಗಡಿಯ ಮಾಲೀಕರು. ಕೇಳಿದವರು, ಉಪಸಂಪಾದಕ.’ ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಬೆರಗಾಯಿತು. ತನ್ನ ‘ಅರಿವಿಲ್ಲದೆ’ಗೆ ಇನ್ನೊಂದು ಆಧಾರವೂ ಸಿಕ್ಕಂತಾಯಿತು. ಇಷ್ಟು ವರ್ಷದಲ್ಲಿ ಅವನು ಒಂದು ವಾಕ್ಯವನ್ನೂ ಹುಟ್ಟಿಸಿ ಬರೆದವನಲ್ಲ. ಬೇರೆಯವರು ಹಾಗೆ ಮಾಡಿದ್ದನ್ನು ಹಿಡಿದು ಒಬ್ಬನ ಕೆಲಸವನ್ನೇ ಕಳೆದವನು.

‘ಸರ್,’ ಎಂದಳು ಮಗಳು, ಸಂಕೋಚದಿಂದ. ‘ನಲವತ್ತೊಂದು ಅದಲ್ಲ ಅನ್ಸತ್ತೆ.’ ಅವಳ ಕೈಯಲ್ಲಿ ಮಡಿಸಿದ ಹಾಳೆಗಳಿದ್ದವು. ಕಾರ್ಡಿನ ಮೇಡಂನ ದುಂಡು ಅಕ್ಷರ ದೂರದಿಂದಲೇ ಗೊತ್ತಾಯಿತು. ‘ಹೋದ ವಾರ ಕಚೇರಿಯಿಂದ ಎಲ್ಲಾ ಕಾರ್ಡಿನ ನಕಲು ಬಂತು. ಅಪ್ಪನಿಗೆ ದಿನಾ ಸಂಜೆ ಓದಿ ಹೇಳಿದೀನಿ.’

ನಕಲು ಕಳಿಸುವುದು ಯಾವಾಗಲೂ ಅವನದೇ ಕೆಲಸ. ಈ ಸಲ ಕಣ್ಣು ನೋವೆಂದು ಮೂರು ದಿನ ರಜೆ ಹಾಕಿದ್ದ, ನಕಲು ಹೋಗಿಲ್ಲವೆಂದೇ ತಿಳಿದಿದ್ದ. ಮುದುಕರು ಹಾಗಾದರೆ ಒಂದು ವಾರದಿಂದ ಇದನ್ನು ಇಟ್ಟುಕೊಂಡು ಕೂತಿದ್ದಾರೆ. ಎಂಟು ಗಂಟೆಯಿಂದ ಕಾಯುತ್ತಿದ್ದದ್ದು ಇದಕ್ಕೆ. ಹಾವಿನ ಜಾತಿ, ಎಂದು ಮನಸ್ಸಿನಲ್ಲಿ ಬೈದ. ‘ಕಾರ್ಡಲ್ಲಿರೋದು ಓದ್ರೀ,’ ಎಂದರು ಮುದುಕರು.

ಓದಿದ. ‘ಯಜಮಾನರ ಬಾಯಿಂದ ಜೊಲ್ಲು ಇಳಿದು ಕಾಲರೆಲ್ಲ ಒದ್ದೆಯಾಗಿತ್ತು, ಅವರಿಗೆ ಗೊತ್ತೇ ಇರಲಿಲ್ಲ, ಬೈತಾನೇ ಇದ್ರು.’

‘ಅಂದವರು?’

‘ಕಚೇರಿಯ ಸಿಬ್ಬಂದಿ ಅಂತ ಇದೆ ಸರ್.’

‘ಸಿಬ್ಬಂದಿಗೆ ಬಾಯಿ ಒಂದೇನಾ? ಯಾರು?’

‘ನಾನೇ ಸರ್.’

ಮಗಳು ಹಾಳೆಗಳನ್ನು ಮೇಜಿನ ಮೇಲಿಟ್ಟು, ಟೀ ಮಾಡುತ್ತೇನೆಂದು ಒಳಗೆ ಹೋದಳು. ಹೋಗುವಾಗ ಅವನ ಮುಖ ನೋಡಲಿಲ್ಲ. ಮುದುಕರ ಬದುಕಿರುವ ಅರ್ಧ ಮುಖದಲ್ಲಿ ಅವನು ಕೋಪವನ್ನು ಹುಡುಕಿದ. ಕೋಪ ಕಂಡಿದ್ದರೆ ಬದುಕಿಕೊಳ್ಳುತ್ತಿದ್ದ, ಅದಕ್ಕೆ ಉತ್ತರ ಅವನ ಬಳಿ ಸಿದ್ಧವಿತ್ತು. ಅಲ್ಲಿದ್ದದ್ದು ಬರಿಯ ಗಮನ, ಕೆಟ್ಟ ಹಾಳೆಯೊಂದನ್ನು ಓದುವಾಗ ಇರುತ್ತಿದ್ದಂಥದ್ದು. ‘ವಾಕ್ಯ ಚೆನ್ನಾಗಿದೆ,’ ಎಂದರು ಅವರು, ಒಂದೊಂದೇ ಪದವನ್ನು ಬಾಯಿಂದ ಹೊರಗೆ ತಳ್ಳುತ್ತ. ‘ನೀವು ತಂದಿರೋದರಲ್ಲಿ ಮೊದಲ ಒಳ್ಳೆ ವಾಕ್ಯ. ಆದರೆ ಸುಳ್ಳು. ಗೊತ್ತೇ ಇರಲಿಲ್ಲ ಅನ್ನೋದು ಸುಳ್ಳು. ಗೊತ್ತಿತ್ತು. ಕೆನ್ನೆಗೆ ಗೊತ್ತಾಗಲ್ಲ, ಅದು ಹೋಗಿದೆ. ಕತ್ತಿಗೆ ಗೊತ್ತಾಗತ್ತೆ. ಮೊದಲು ಬೆಚ್ಚಗಿರತ್ತೆ. ಆಮೇಲೆ ತಣ್ಣಗೆ.’ ಉಸಿರು ತೆಗೆದುಕೊಂಡರು. ‘ಯಾಕೆ ಬೈತಾ ಇದ್ದೆ ಹೇಳಿ? ನಾನು ಬೈದ್ರೆ ನೀವೆಲ್ಲ ತಲೆ ಬಗ್ಗಿಸ್ತೀರಿ. ತಲೆ ಬಗ್ಗಿಸಿದೋರಿಗೆ ನನ್ನ ಬಾಯಿ ಕಾಣಲ್ಲ. ಅದಕ್ಕೇ ನಿಲ್ಲಿಸಲಿಲ್ಲ. ನೀವೊಬ್ರು ಕಣ್ಣೆತ್ತಿ ನೋಡಿದ್ರಿ. ನೀವು ನೋಡಿದ್ದೂ ಗೊತ್ತಿತ್ತು.’

ಅವನಿಗೆ ಅಂದು ತನ್ನ ಜೇಬಿನಲ್ಲಿದ್ದ ಕರವಸ್ತ್ರವನ್ನೂ ಇವರು ಕಂಡಿದ್ದರೇ ಎಂಬ ಯೋಚನೆ ಬಂದು ಹೋಯಿತು.

‘ಅರಿವಿಲ್ಲದೆ ಅನ್ನೋದನ್ನ ತೆಗೀರಿ,’ ಎಂದರು ಮುದುಕರು.

ಆಗ ಅವನಿಗೆ ನಿಜವಾಗಿ ಸಿಟ್ಟು ಬಂತು. ನಾಚಿಕೆಯೆಲ್ಲ ಹಿಂದೆ ಸರಿದು ಸಿಟ್ಟೊಂದೇ ಉಳಿಯಿತು. ಕಾರ್ಡಿಗಾಗಿ ಬೈಯಲಿ, ಮಂಡಳಿಗೆ ಬರೆಯಲಿ, ಕೆಲಸ ಕಳೆಯಲಿ. ಅದಕ್ಕೆ ಮಾತ್ರ ಕೈ ಹಾಕಬಾರದು. ‘ಆಗಲ್ಲ ಸರ್,’ ಎಂದ. ‘ಮಕ್ಕಳ ಕಾರ್ಡು ಹದಿನಾಲ್ಕು, ನಿದ್ದೆಯದು ಒಂಬತ್ತು, ಎಲ್ಲ ಅರಿವಿಲ್ಲದೆ ಅಂತಾನೇ ಹೇಳ್ತವೆ. ಅದನ್ನ ತೆಗೀಬೇಕಾದ್ರೆ ಗೊತ್ತಿತ್ತು ಅನ್ನೋಕೆ ಇಬ್ಬರ ಆಧಾರ ಬೇಕು. ನೀವೊಬ್ರೇ ಇದೀರಿ. ನಿಯಮ ನಾನು ಮಾಡಿದ್ದಲ್ಲ, ನೀವು ಮಾಡಿದ್ದು. ಒಬ್ಬರ ಮಾತು ಅವರ ಕಾಯಿಲೆ ಅಷ್ಟೇ, ಪದದ ಅರ್ಥ ಅಲ್ಲ. ಹೀಗಂತ ನೀವೇ ನನ್ನ ಎಷ್ಟು ಹಾಳೆ ಹರಿದು ಹಾಕಿಲ್ಲ?’

ಮುದುಕರ ಬಲಗೈ ಕುರ್ಚಿಯ ಹಿಡಿಯ ಮೇಲೆ ಒಮ್ಮೆ ಅಲುಗಿ ಸುಮ್ಮನಾಯಿತು. ಅವರು ಎರಡನೆಯವರನ್ನು ಹುಡುಕುತ್ತಿದ್ದಾರೆಂದು ಅವನಿಗೆ ತಿಳಿಯಿತು. ಆಸ್ಪತ್ರೆಯ ಪಕ್ಕದ ಹಾಸಿಗೆಯವನು, ವ್ಯಾಯಾಮ ಮಾಡಿಸುವ ಹುಡುಗಿ ಹೇಳಿದ್ದ ಇನ್ನೊಬ್ಬ ರೋಗಿ, ಯಾರಾದರೂ. ಸಿಗಲಿಲ್ಲ. ‘ಹೌದು,’ ಎಂದರು ಕೊನೆಗೆ. ‘ನಿಯಮ ಅಂದ್ರೆ ನಿಯಮ. ಇಟ್ಟುಕೊಳ್ಳಿ.’ ಕೆಂಪು ಪೆನ್ನನ್ನು ಕೇಳಿ ಹಾಳೆಯ ಮೇಲೆ ಸಹಿ ಹಾಕಿದರು. ಸೊಟ್ಟ ಸಹಿ, ಆದರೆ ಸಹಿ. ಅವನು ಗೆದ್ದಿದ್ದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಈ ಮನುಷ್ಯನ ಎದುರು ಗೆದ್ದಿದ್ದ, ಅವರದೇ ಕತ್ತಿ ಹಿಡಿದು. ಅವಸರವಾಗಿ ಕಾರ್ಡುಗಳನ್ನು ಪೆಟ್ಟಿಗೆಗೆ ತುಂಬತೊಡಗಿದ. ಟೀಗೆ ಕಾಯದೆ ಹೊರಟುಬಿಡಬೇಕು.

ತಲೆ ಎತ್ತಿದಾಗ ಅದು ಇಳಿಯುತ್ತಿತ್ತು. ಅಷ್ಟು ಮಾತಾಡಿದ ದಣಿವಿಗೋ ಏನೋ, ತುಟಿಯ ಎಡ ಮೂಲೆಯಿಂದ ನಿಧಾನವಾಗಿ. ಮುದುಕರು ಮಗಳನ್ನು ಕೂಗಲಿಲ್ಲ, ಅವನ ಕಡೆಗೂ ನೋಡಲಿಲ್ಲ. ಬಲಗೈಯನ್ನು ಎದೆಯ ಮೇಲೆ ತೆವಳಿಸುತ್ತ ಎಡ ಹೆಗಲ ಟವೆಲಿನವರೆಗೂ ತಂದು, ಅದರ ತುದಿಯನ್ನು ಎಳೆದು, ಹಲ್ಲುಗಳ ನಡುವೆ ಕಚ್ಚಿಕೊಂಡು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೂತರು.

ಅವನ ಕೈಯಲ್ಲಿದ್ದ ಕಾರ್ಡುಗಳು ಹಾಗೇ ನಿಂತವು. ಅಕ್ಕ. ಪೆನ್ಸಿಲ್ ಡಬ್ಬಿ ತಂದ ಆ ದಿನದ ಮಾರನೆಯ ದಿನದಿಂದ ಅಕ್ಕ ಕುತ್ತಿಗೆಯ ಟವೆಲಿನ ತುದಿಯನ್ನು ಹೀಗೇ ಕಚ್ಚಿಕೊಂಡಿರುತ್ತಿದ್ದಳು. ಅದಕ್ಕೆ ಮೊದಲು ಎಂದೂ ಇರಲಿಲ್ಲ. ಮನೆಯೊಳಗೆ ಬಿಟ್ಟುಬಿಡುವಳು, ಬಾಗಿಲಾಚೆ ಹೆಜ್ಜೆ ಇಟ್ಟರೆ ಕಚ್ಚುವಳು. ಹೊಸ ಕೆಟ್ಟ ಚಾಳಿ ಎಂದು ಅಮ್ಮ ಕೆನ್ನೆಗೆ ಹೊಡೆದಳು. ಹೊಡೆದಷ್ಟೂ ಅಕ್ಕ ಗಟ್ಟಿಯಾಗಿ ಕಚ್ಚಿದಳು. ಟವೆಲು ಬಾಯಲ್ಲಿದ್ದರೆ ನಗುವುದಕ್ಕಾಗುವುದಿಲ್ಲ. ಬೀದಿಯಲ್ಲಿ ಅವಳು ನಗುವುದು ನಿಂತುಹೋಯಿತು. ಬೀದಿ ದಾಟುವಾಗ ಅವನ ಕೈ ಬಿಡಿಸಿಕೊಂಡು ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದಳು, ಅವನ ಜೊತೆಯವಳಲ್ಲ ಎಂಬಂತೆ. ಅವನು ಇದನ್ನೆಲ್ಲ ಕಂಡಿದ್ದ. ದಿನವೂ ಕಂಡಿದ್ದ, ಒಂದು ದಿನವೂ ಯಾಕೆಂದು ಕೇಳಿಕೊಂಡಿರಲಿಲ್ಲ. ಹಿಂದೆ ಬಂದರೆ ಒಳ್ಳೆಯದೇ ಆಯಿತು ಎಂದುಕೊಂಡಿದ್ದ.

ಒಳಗಿನಿಂದ ಲೋಟಗಳ ಸದ್ದು ಬಂತು. ಈಗ ಎದ್ದು ಹೋಗಬಹುದಿತ್ತು. ಸಹಿಯಾದ ಹಾಳೆ ಚೀಲದಲ್ಲಿತ್ತು. ಅವನಿಗೊಬ್ಬನಿಗೇ ಗೊತ್ತಿರುವ ಮಾತು, ಅವನೊಬ್ಬನೊಂದಿಗೇ ಹೋಗುತ್ತಿತ್ತು.

‘ಸರ್,’ ಎಂದ. ‘ಎರಡನೇ ಆಧಾರ ಇದೆ.’

ಮುದುಕರು ತಿರುಗಿದರು. ಟವೆಲಿನ ತುದಿ ಬಾಯಿಂದ ಜಾರಿತು. ಮುಖದಲ್ಲಿ ಕನಿಕರ ಬಂದಿದ್ದರೆ ಅವನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದ, ಕನಿಕರ ಬರಲಿಲ್ಲ. ‘ಖಾಲಿ ಕಾರ್ಡು ತಗೊಳ್ಳಿ,’ ಎಂದರು. ‘ಯಾರು?’

‘ನಮ್ಮಕ್ಕ.’

‘ಮಾತಾಡ್ತಿದ್ರಾ?’

‘ಇಲ್ಲ ಸರ್. ಅವಳಿಗೆ ಗೊತ್ತಿತ್ತು. ಆಮೇಲೆ ಅವಳು ಹೀಗೇ, ನಿಮ್ಮ ಹಾಗೇ ಕಚ್ಚಿಕೊಳ್ತಿದ್ಲು.’

‘ಅದು ಅವರ ಮಾತಲ್ಲ, ನೀವು ನೋಡಿದ್ದು. ಕಾರ್ಡಿಗೆ ಪದ ಬೇಕು. ಆ ಪದವನ್ನ ಯಾರೋ ಅಂದಿರಬೇಕು. ಯಾವಾಗಿಂದ ಕಚ್ಚಿಕೊಂಡ್ರು?’

‘ಒಂದು ದಿನ ಶಾಲೆ ಗೇಟಿಗೆ ಬಂದಿದ್ಲು.’

‘ವಾಕ್ಯ ಹೇಳಿ.’

ಅವನು ಪೆನ್ನು ತೆಗೆದ. ಪೆನ್ನಿನ ಮುಚ್ಚಳ ಕೆಳಗೆ ಬಿದ್ದು ಕುರ್ಚಿಯ ಅಡಿಗೆ ಉರುಳಿತು, ಬಗ್ಗಿ ತೆಗೆಯಲಿಲ್ಲ. ‘ಒಬ್ಬ 
ಹುಡುಗ ಕೇಳಿದ, ಯಾರೋ ಅದು, ನಿಮ್ಮಕ್ಕನಾ ಅಂತ. ಅದಕ್ಕೆ…’

‘ಅವನದು ಬೇಡ. ಪದ ಇರೋ ವಾಕ್ಯ.’

‘ಅಕ್ಕ ಅಲ್ಲ, ಜೊಲ್ಲಕ್ಕ.’

‘ಬರೀರಿ. ಅದಕ್ಕೆ ಮುಂಚೆ ಯಾರಾದ್ರೂ ಹಾಗೆ ಕರೆದಿದ್ರಾ?’

‘ಇಲ್ಲ ಸರ್. ಅವತ್ತೇ ಮೊದಲು. ಆಮೇಲೆ ಇಡೀ ಬೀದಿ ಹಿಡಿದುಕೊಂಡ್ತು.’

‘ಅಂದವರು?’

ಅವನು ಬರೆಯುತ್ತಿದ್ದ. ತಲೆ ಎತ್ತಲಿಲ್ಲ. ‘ನಾನು,’ ಎಂದ.

‘ವಯಸ್ಸು?’

‘ಒಂಬತ್ತು.’

‘ಸುತ್ತ ಯಾರಿದ್ರು?’

‘ಆರೇಳು ಹುಡುಗರು. ನಕ್ಕರು.’

ಮಗಳು ಟೀ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಮುದುಕರ ಗದ್ದದಿಂದ ಮತ್ತೆ ಇಳಿಯುತ್ತಿತ್ತು, ಅವರು ಈಗ ಅದನ್ನು ಮುಚ್ಚಿಕೊಳ್ಳಲಿಲ್ಲ. ಕಾರ್ಡಿನಲ್ಲಿ ಇನ್ನೊಂದೇ ಸಾಲು ಖಾಲಿ ಉಳಿದಿತ್ತು, ಅವನು ಸಾವಿರಾರು ಕಾರ್ಡುಗಳಲ್ಲಿ ಯೋಚಿಸದೆ ತನ್ನ ಹೆಸರನ್ನು ಬರೆದುಕೊಂಡು ಬಂದ ಸಾಲು.

‘ಕೇಳಿದವರು?’ ಎಂದರು ಮುದುಕರು.

ಅವನು ಬರೆದ. ಬರೆದದ್ದನ್ನು, ನಿಯಮದ ಪ್ರಕಾರ, ಗಟ್ಟಿಯಾಗಿ ಓದಿ ಹೇಳಿದ.

‘ಅಕ್ಕ.’